ಕೇಸ್ ಶೀಟಿನ ಕೊನೆಯ ಸಾಲು: ರೋಗಿಯಿಂದ ಕೊಲೆ ನಡೆದಾಗ ಮನೋವೈದ್ಯರ ಪಾಡು

ಪತ್ರಿಕೋದ್ಯಮ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಬರೆದ ಒಂದು ಶೀರ್ಷಿಕೆ ಈಗಲೂ ನೆನಪಿದೆ. 'ಮಾನಸಿಕ ಅಸ್ವಸ್ಥನಿಂದ ಕೊಲೆ'. ಮೂರೇ ಪದ. ಎರಡು ಕಾಲಂಗೆ ಅಚ್ಚುಕಟ್ಟಾಗಿ ಕೂತಿತು. ಡೆಸ್ಕಿನಲ್ಲಿದ್ದ ಹಿರಿಯರು 'ಚೆನ್ನಾಗಿದೆ' ಅಂದರು. ಸತ್ತವರ ಮನೆಯವರ ಮಾತು ಹಾಕಿದ್ದೆ, ಪೊಲೀಸರ ಮಾತು ಹಾಕಿದ್ದೆ, 'ಕೆಲ ಸಮಯದಿಂದ ಚಿಕಿತ್ಸೆ ಪಡೆಯುತ್ತಿದ್ದ' ಎಂದು ಒಂದು ಸಾಲು ಸೇರಿಸಿದ್ದೆ.

ಆ ಕೊನೆಯ ಸಾಲಿನೊಳಗೆ ಇನ್ನೊಬ್ಬ ಮನುಷ್ಯ ಇದ್ದಾರೆ ಎಂದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಚಿಕಿತ್ಸೆ ಪಡೆಯುತ್ತಿದ್ದ ಎಂದರೆ ಕೊಡುತ್ತಿದ್ದವರೂ ಇರಬೇಕಲ್ಲ? ಅವರು ಆ ಬೆಳಿಗ್ಗೆ ಪೇಪರ್ ಬಿಡಿಸಿದಾಗ ಏನಾಯಿತು? ಆಮೇಲೆ ಓಪಿಡಿಗೆ ಹೋಗಿ ಕುರ್ಚಿಯಲ್ಲಿ ಕೂತು ಮುಂದಿನ ರೋಗಿಯನ್ನು ಹೇಗೆ ಕರೆದರು?

ಈ ಪ್ರಶ್ನೆ ಹಿಡಿದು ಹೊರಟಾಗ ಗೊತ್ತಾದದ್ದು, ಪ್ರಶ್ನೆಗೂ ಒಂದು ಇತಿಹಾಸ ಇದೆ ಎಂದು. ನೂರು ವರ್ಷದ ಹಿಂದೆ ಈ ಪ್ರಶ್ನೆಯನ್ನು ಯಾರೂ ಕೇಳುವ ಹಾಗಿರಲಿಲ್ಲ. ಯಾಕೆ ಎಂಬುದೇ ಈ ಲೇಖನ.

ಲಂಡನ್ನಿನ ಗುಂಡು, ನಮ್ಮ ಜಿಲ್ಲೆಯ ಕಾನೂನು

1843ರ ಜನವರಿಯಲ್ಲಿ ಲಂಡನ್ನಿನ ಬೀದಿಯಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬ ಸ್ಕಾಟ್ಲೆಂಡಿನ ಮರಗೆಲಸದವ ಎಡ್ವರ್ಡ್ ಡ್ರಮಂಡ್ ಎಂಬವರಿಗೆ ಹಿಂದಿನಿಂದ ಗುಂಡು ಹಾರಿಸಿದ. ಡ್ರಮಂಡ್ ಅಂದಿನ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ. ಆಡಳಿತ ಪಕ್ಷದವರು ತನ್ನನ್ನು ಎಲ್ಲೆಂದರಲ್ಲಿ ಹಿಂಬಾಲಿಸುತ್ತಿದ್ದಾರೆ, ಬದುಕಲು ಬಿಡುತ್ತಿಲ್ಲ ಎಂದು ಮೆಕ್‌ನಾಟನ್ ನಂಬಿದ್ದ. ವಿಚಾರಣೆಯಲ್ಲಿ ಹಲವು ವೈದ್ಯರು ಬಂದು ಈತನಿಗೆ ಚಿತ್ತಭ್ರಮೆ ಎಂದು ಸಾಕ್ಷಿ ನುಡಿದರು. ನ್ಯಾಯಾಲಯ ಆತನನ್ನು ನಿರಪರಾಧಿ ಎಂದು ಬಿಟ್ಟು ಹುಚ್ಚಾಸ್ಪತ್ರೆಗೆ ಕಳಿಸಿತು. ಆತ 1865ರಲ್ಲಿ ತೀರಿಕೊಂಡ.

ತೀರ್ಪಿನಿಂದ ಇಂಗ್ಲೆಂಡಿನಲ್ಲಿ ಗದ್ದಲ ಎದ್ದಿತು. ರಾಣಿ ವಿಕ್ಟೋರಿಯಾಗೂ ಸಮಾಧಾನ ಆಗಲಿಲ್ಲ. ಹೌಸ್ ಆಫ್ ಲಾರ್ಡ್ಸ್ ನ್ಯಾಯಾಧೀಶರನ್ನು ಕರೆದು ವಿವರಣೆ ಕೇಳಿತು. ಅವರು ಕೊಟ್ಟ ಉತ್ತರವೇ 'ಮೆಕ್‌ನಾಟನ್ ನಿಯಮ'. ಕೃತ್ಯ ಮಾಡುವ ಹೊತ್ತಿನಲ್ಲಿ, ತಾನು ಮಾಡುತ್ತಿರುವುದು ಏನು ಎಂದೇ ತಿಳಿಯದಷ್ಟು, ಅಥವಾ ಅದು ತಪ್ಪು ಎಂದು ತಿಳಿಯದಷ್ಟು ಮನಸ್ಸು ಕೆಟ್ಟಿದ್ದರೆ ಮಾತ್ರ ವಿನಾಯಿತಿ.

ಈ ನಿಯಮ ನಮ್ಮಲ್ಲಿಗೆ ಬಂದದ್ದು ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್ ಆಗಿ. ಸಂಹಿತೆ ಅಂಗೀಕಾರವಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು. ಅದೇ 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ನೇತ್ರಾವತಿ ದಂಡೆಯ ಬಂಟ್ವಾಳದಲ್ಲೋ ಘಟ್ಟದ ಬುಡದ ಬೆಳ್ತಂಗಡಿಯಲ್ಲೋ ಒಬ್ಬ ಮಂಡೆ ಸಮ ಇಲ್ಲದೆ ಕತ್ತಿ ಬೀಸಿದರೆ ಅವನ ಹಣೆಬರಹ ತೀರ್ಮಾನಿಸುವ ಮಾನದಂಡ ಲಂಡನ್ನಿನಲ್ಲಿ ತಯಾರಾದದ್ದು. ಇವತ್ತಿಗೂ ಅದೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 84 ಹೋಗಿ 22 ಆಗಿದೆ. ಸಂಖ್ಯೆ ಬದಲಾಯಿತು, ತಿರುಳು ಬದಲಾಗಲಿಲ್ಲ.

ಇಲ್ಲಿ ಒಂದು ಗಮನಿಸಬೇಕು. ಮೆಕ್‌ನಾಟನ್ ವಿಚಾರಣೆಗೆ ಬಂದ ವೈದ್ಯರು ಆತನನ್ನು ನೋಡಿದ್ದು ಗುಂಡು ಹಾರಿದ ಮೇಲೆ. ಅವರಲ್ಲಿ ಯಾರಿಗೂ 'ಅಯ್ಯೋ, ಹೋದ ವಾರ ನನ್ನ ಹತ್ತಿರ ಬಂದಿದ್ದನಲ್ಲ' ಎನ್ನುವ ಸಂಕಟ ಇರಲಿಲ್ಲ. ಕೊಲೆ ಮೊದಲು, ವೈದ್ಯರು ಆಮೇಲೆ. ಸುಮಾರು ನೂರು ವರ್ಷ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಕ್ರಮ.

ಗೋಡೆಯ ಕಾಲ

ಮದ್ರಾಸ್ ಪ್ರಾಂತದಲ್ಲಿ ಬ್ರಿಟಿಷರು ನಡೆಸಿದ ಹುಚ್ಚಾಸ್ಪತ್ರೆಗಳು ಮದ್ರಾಸ್, ವಿಶಾಖಪಟ್ಟಣದ ವಾಲ್ಟೇರ್ ಮತ್ತು ಕಲ್ಲಿಕೋಟೆಯಲ್ಲಿದ್ದವು. ನಮಗೆ ಹತ್ತಿರದ್ದು 1872ರಲ್ಲಿ ಶುರುವಾದ ಕಲ್ಲಿಕೋಟೆಯ ಕುದಿರವಟ್ಟಂ. ಮಂಗಳೂರಿನಲ್ಲಿ ಈಗ ವೆನ್ಲಾಕ್ ಎಂದು ಕರೆಯುವ ಆಸ್ಪತ್ರೆ 1848ರಿಂದಲೂ ಇತ್ತು. ಆದರೆ ಮನಸ್ಸಿನ ಕಾಯಿಲೆ ಎಂದರೆ ಹಳ್ಳಿಯ ಮನೆಗೆ ಆಸ್ಪತ್ರೆಯ ನೆನಪೇ ಬರುತ್ತಿರಲಿಲ್ಲ. ತುಳುವಿನಲ್ಲಿ 'ಮರ್ಲ್' ಎಂದು ಒಂದೇ ಪದ. ಅದಕ್ಕೆ ದೈವದ ಮುಂದೆ ಹರಕೆ, ಮಂತ್ರವಾದಿಯ ನೂಲು, ಅದೂ ಆಗದಿದ್ದರೆ ಹಟ್ಟಿಯ ಪಕ್ಕದ ಕೋಣೆ.

ಘಟ್ಟದ ಮೇಲೆ ಮೈಸೂರು ಸಂಸ್ಥಾನದಲ್ಲಿ ಬೇರೆ ಕತೆ. ಬೆಂಗಳೂರಿನ ಹುಚ್ಚಾಸ್ಪತ್ರೆ 1847ರಷ್ಟು ಹಳೆಯದು. ಧಾರವಾಡದ್ದು 1845ರದು. 1925ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನ ಸಂಸ್ಥೆಯ ಹೆಸರಿನಿಂದ 'ಹುಚ್ಚು' ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಡಾ. ಫ್ರಾಂಕ್ ನೊರೊನ್ಹಾ ಅದನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ, 1930ರ ದಶಕದಲ್ಲಿ ಹೊಸ ಕಟ್ಟಡ ಎದ್ದಿತು. ಅವರ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಅದೇ ಜಾಗದಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಆ ಕಾಲದ ಕಾನೂನು 1912ರ ಲುನಸಿ ಕಾಯ್ದೆ. ಕೊಲೆ ಮಾಡಿದ ರೋಗಿಗೆ ಅದರಲ್ಲಿ ಪ್ರತ್ಯೇಕ ಹೆಸರೇ ಇತ್ತು, 'ಕ್ರಿಮಿನಲ್ ಲುನಾಟಿಕ್'. ವೈದ್ಯರ ಕೆಲಸ ಬಹುಪಾಲು ಕಾವಲು ಮತ್ತು ಸರ್ಟಿಫಿಕೇಟ್. ಒಳಗೆ ಇದ್ದವನು ಒಳಗೇ ಇರುತ್ತಿದ್ದ. ಹೊರಗೆ ನಡೆದದ್ದಕ್ಕೆ ಆಸ್ಪತ್ರೆ ಉತ್ತರ ಕೊಡಬೇಕಾದ ಪ್ರಸಂಗ ಕಡಿಮೆ.

ಒಳಗೆ ಇದ್ದವನು ಒಳಗೇ ಇರುವುದು ಎಷ್ಟು ದೂರ ಹೋಗುತ್ತಿತ್ತು ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಸಾಕ್ಷಿ. ಒಬ್ಬರಿಗೆ ತೀವ್ರ ಗಾಯ ಮಾಡಿದ ಆರೋಪದ ಮೇಲೆ 1951ರಲ್ಲಿ ಹಿಡಿದು ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1967ರಲ್ಲಿ ವೈದ್ಯರು 'ಈತ ಗುಣವಾಗಿದ್ದಾನೆ' ಎಂದು ಬರೆದುಕೊಟ್ಟರು. ಆದರೂ ಮನೆಗೆ ಬಿಡಲಿಲ್ಲ, ಜೈಲಿಗೆ ಹಾಕಿದರು. ಹೊರಗೆ ಬಂದದ್ದು 2005ರಲ್ಲಿ, ವಿಚಾರಣೆಯೇ ಇಲ್ಲದೆ 54 ವರ್ಷ ಕಳೆದ ಮೇಲೆ. ಬದುಕಿದ್ದು ಆಮೇಲೆ ಎರಡೇ ವರ್ಷ.

ಮಾತ್ರೆ ಬಂತು, ಗೋಡೆ ಬಿತ್ತು

ನಮ್ಮ ಪ್ರಶ್ನೆ ನಿಜವಾಗಿ ಹುಟ್ಟಿದ್ದು 1952ರಲ್ಲಿ. ಆ ವರ್ಷ ಪ್ಯಾರಿಸ್ಸಿನ ಮನೋವೈದ್ಯರು ಕ್ಲೋರ್‌ಪ್ರೋಮಜಿನ್ ಎಂಬ ಔಷಧಿಯನ್ನು ತೀವ್ರ ಚಿತ್ತಭ್ರಮೆಯವರಿಗೆ ಕೊಟ್ಟು ನೋಡಿದರು. ಕಿವಿಯಲ್ಲಿ ಕೇಳುವ ಧ್ವನಿಗಳು ತಗ್ಗಿದವು, ಸಂಶಯ ಕರಗಿತು. ಕೆಲವೇ ವರ್ಷಗಳಲ್ಲಿ ಅದು ಭಾರತಕ್ಕೂ ಬಂತು. ವರ್ಷಗಟ್ಟಲೆ ಕಂಬಿಯ ಹಿಂದೆ ಇದ್ದವರು ಮನೆಗೆ ಹೋಗಬಹುದು, ತಿಂಗಳಿಗೊಮ್ಮೆ ಬಂದು ಮಾತ್ರೆ ತೆಗೆದುಕೊಂಡರೆ ಸಾಕು ಎಂಬ ಕಾಲ ಶುರುವಾಯಿತು.

ಕರ್ನಾಟಕ ಇದರಲ್ಲಿ ಮುಂದಿತ್ತು. ನಿಮ್ಹಾನ್ಸ್ 1970ರ ದಶಕದಲ್ಲೇ ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಅಲ್ಲೇ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. ಅದೇ 'ಬಳ್ಳಾರಿ ಮಾದರಿ'ಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಮ್ಮ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ವ್ಯವಸ್ಥೆಯೂ ಇದೇ ದಾರಿಯ ಮುಂದುವರಿಕೆ.

ಇದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜತೆಗೆ ವೈದ್ಯರ ಹೆಗಲಿಗೆ ಹೊಸದೊಂದು ಭಾರ ಬಂತು. ಮೊದಲು ಕಣ್ಣ ಮುಂದೆ ಇರುವ ರೋಗಿಯ ಹೊಣೆ. ಈಗ ಕಣ್ಣಿಗೆ ಕಾಣದ ರೋಗಿಯ ಹೊಣೆ. ತಿಂಗಳಲ್ಲಿ ಹತ್ತು ನಿಮಿಷ ಎದುರು ಕೂರುವವನು, ಉಳಿದ ದಿನವೆಲ್ಲ ವಿಟ್ಲದಲ್ಲೋ ಚಾರ್ಮಾಡಿಯಲ್ಲೋ ಮೂಡುಬಿದಿರೆಯ ಒಳಹಳ್ಳಿಯಲ್ಲೋ ಇರುವವನು. ಮಾತ್ರೆ ನುಂಗಿದನೋ, ಗೆರಟೆಗೆ ಉಗಿದನೋ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಸಂಕ ದಾಟಲಾಗದೆ ಎರಡು ತಿಂಗಳು ಬಾರದಿದ್ದರೂ ಆಸ್ಪತ್ರೆಗೆ ತಿಳಿಯುವುದು ಆಮೇಲೆ.

ಕೊಲೆ ನಡೆದಾಗ 'ನನ್ನ ರೋಗಿ' ಎನ್ನಬೇಕಾದ ವೈದ್ಯರು ದೊಡ್ಡ ಸಂಖ್ಯೆಯಲ್ಲಿ ಕಾಣತೊಡಗಿದ್ದು ಈ ಬದಲಾವಣೆಯ ನಂತರ.

ಹೊರದೇಶಗಳು ಏನು ಮಾಡಿದವು

ಮೊದಲ ದೊಡ್ಡ ಪ್ರಕರಣದಲ್ಲಿ ಇದ್ದವನು ಒಬ್ಬ ಭಾರತೀಯ. ಅಮೆರಿಕದ ಬರ್ಕ್ಲಿಯಲ್ಲಿ ನೌಕಾ ಎಂಜಿನಿಯರಿಂಗ್ ಓದುತ್ತಿದ್ದ, ಬಂಗಾಳದಿಂದ ಹೋದ ವಿದ್ಯಾರ್ಥಿ. ಟಟಿಯಾನಾ ತಾರಾಸಾಫ್ ಎಂಬ ಯುವತಿ ತನ್ನನ್ನು ಪ್ರೀತಿಸುತ್ತಾಳೆ ಎಂದು ನಂಬಿ, ಅಲ್ಲ ಎಂದಾಗ ಕುಸಿದುಹೋದ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ತನ್ನ ಮನಶ್ಶಾಸ್ತ್ರಜ್ಞನ ಮುಂದೆ ಅವಳನ್ನು ಕೊಲ್ಲುವ ಮಾತಾಡಿದ. ಆ ಮನಶ್ಶಾಸ್ತ್ರಜ್ಞ ಸುಮ್ಮನೆ ಕೂರಲಿಲ್ಲ. ಕ್ಯಾಂಪಸ್ ಪೊಲೀಸರಿಗೆ ಪತ್ರ ಬರೆದು, ಈತನನ್ನು ಆಸ್ಪತ್ರೆಗೆ ಸೇರಿಸಬೇಕು ಎಂದ. ಪೊಲೀಸರು ಕರೆದು ವಿಚಾರಿಸಿ, ಸರಿಯಾಗಿಯೇ ಮಾತಾಡುತ್ತಾನೆ ಎಂದು ಬಿಟ್ಟರು. ವಿಭಾಗದ ಮುಖ್ಯಸ್ಥರು ಪತ್ರ ವಾಪಸ್ ತರಿಸಿಕೊಂಡು, ಮುಂದೆ ಏನೂ ಮಾಡಬೇಡಿ ಎಂದರು. 1969ರ ಅಕ್ಟೋಬರ್ 27ರಂದು ಆ ಯುವತಿಯ ಕೊಲೆಯಾಯಿತು.

ಅವಳಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ತಂದೆತಾಯಿ ಮೊಕದ್ದಮೆ ಹೂಡಿದರು. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿತು: ರೋಗಿಯಿಂದ ಇನ್ನೊಬ್ಬರಿಗೆ ಗಂಭೀರ ಅಪಾಯ ಇದೆ ಎಂದು ಗೊತ್ತಾದರೆ ಆ ಇನ್ನೊಬ್ಬರನ್ನು ರಕ್ಷಿಸಲು ತಕ್ಕ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಕರ್ತವ್ಯ. ಗುಟ್ಟು ಕಾಯುವ ವೃತ್ತಿಗೆ ಗುಟ್ಟು ಒಡೆಯುವ ಕರ್ತವ್ಯವೂ ಸೇರಿದ್ದು ಹೀಗೆ.

ಬ್ರಿಟನ್ನಿನಲ್ಲಿ 1992ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ರೈಲು ನಿಲ್ದಾಣದಲ್ಲಿ, ಸ್ಕಿಜೋಫ್ರೀನಿಯಾ ಇದ್ದ ಒಬ್ಬ ರೋಗಿ ಗುರುತು ಪರಿಚಯ ಇಲ್ಲದ ಪ್ರಯಾಣಿಕನನ್ನು ಇರಿದು ಕೊಂದ. 1994ರ ರಿಚಿ ವರದಿ ತೆರೆದಿಟ್ಟ ಸಂಗತಿ ಏನೆಂದರೆ, ಆ ರೋಗಿ ವರ್ಷಗಳ ಕಾಲ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದ; ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಲುಪಿರಲಿಲ್ಲ. ಆ ವರ್ಷದಿಂದ ಮಾನಸಿಕ ಚಿಕಿತ್ಸೆಯಲ್ಲಿದ್ದವರು ಕೊಲೆ ಮಾಡಿದರೆ ಸ್ವತಂತ್ರ ತನಿಖೆ ಕಡ್ಡಾಯವಾಯಿತು. ಉದ್ದೇಶ ಕಲಿಯುವುದು. ಆದರೆ ವರ್ಷಗಟ್ಟಲೆ ನಡೆಯುವ ತನಿಖೆಯಲ್ಲಿ ಪ್ರತಿ ಸಹಿ, ಪ್ರತಿ ಸಾಲು ಸಾರ್ವಜನಿಕ ಪರೀಕ್ಷೆಗೆ ಒಳಗಾಗುವಾಗ ವೈದ್ಯರಿಗೆ ಅದು ಆರೋಪಿಯ ಕಟಕಟೆಯ ಹಾಗೆಯೇ ಕಂಡಿತು. ಈಚೆಗೆ ಅಲ್ಲಿನ ಮನೋವೈದ್ಯರ ರಾಯಲ್ ಕಾಲೇಜು, ರೋಗಿಯ ಆತ್ಮಹತ್ಯೆ ಮತ್ತು ರೋಗಿಯಿಂದ ನಡೆಯುವ ಕೊಲೆ ಇವೆರಡೂ ವೈದ್ಯರ ಮೇಲೆ ಮಾಡುವ ಪರಿಣಾಮ ನೋಡಲೆಂದೇ ಒಂದು ಕಾರ್ಯತಂಡ ಮಾಡಿತು. ಇಂಥ ವೈದ್ಯರಿಗೂ ಆಸರೆ ಬೇಕು ಎಂದು ಒಂದು ವೃತ್ತಿಸಂಘ ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2004ರಲ್ಲಿ ಮಾರ್ಸೇ ನಗರದ ಮನೋವೈದ್ಯೆ ಡೇನಿಯೆಲ್ ಕನರೆಲ್ಲಿ ಒಬ್ಬ ರೋಗಿಗೆ ಮತ್ತೆ ದಾಖಲಾಗಬೇಕು ಎಂದಾಗ ಆತ ಆಸ್ಪತ್ರೆಯಿಂದ ತಪ್ಪಿಸಿಕೊಂಡ. ಇಪ್ಪತ್ತು ದಿನದ ಮೇಲೆ ಒಬ್ಬ ವೃದ್ಧರನ್ನು ಕೊಂದ. 2012ರ ಡಿಸೆಂಬರಿನಲ್ಲಿ ನ್ಯಾಯಾಲಯ ವೈದ್ಯೆಗೇ ಒಂದು ವರ್ಷದ ಅಮಾನತು ಶಿಕ್ಷೆ ವಿಧಿಸಿತು. ಅಲ್ಲಿನ ಮನೋವೈದ್ಯರು ಬೀದಿಗಿಳಿದು ಪ್ರತಿಭಟಿಸಿದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ಅಂದರೆ ಕೊಲೆ ನಡೆದು ಹತ್ತು ವರ್ಷ. ವೈದ್ಯೆಯ ವೃತ್ತಿ ಬದುಕಿನ ಹತ್ತು ವರ್ಷ ಆ ಒಂದು ಭೇಟಿಯ ಸುತ್ತ ಕಳೆಯಿತು.

ನಮ್ಮಲ್ಲಿ ವೈದ್ಯರು ಸಾಕ್ಷಿ

ಭಾರತದಲ್ಲಿ ಬ್ರಿಟನ್ನಿನಂಥ ಕಡ್ಡಾಯ ತನಿಖೆ ಇಲ್ಲ. ಇಲ್ಲಿ ಮನೋವೈದ್ಯರು ಕಾಣಿಸಿಕೊಳ್ಳುವುದು ಮುಖ್ಯವಾಗಿ ಸಾಕ್ಷಿ ಕಟ್ಟೆಯಲ್ಲಿ. 84ನೇ ಸೆಕ್ಷನ್ ಬೇಕು ಎಂದರೆ ಅದನ್ನು ತೋರಿಸುವ ಹೊಣೆ ಆರೋಪಿಯದು. ಆ ಹೊಣೆ ಎಷ್ಟು ಭಾರದ್ದು ಎಂದು ಸುಪ್ರೀಂ ಕೋರ್ಟ್ 1964ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಬಿಡಿಸಿ ಹೇಳಿತು: ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, 'ಹೀಗೆ ಇದ್ದಿರುವ ಸಂಭವವೇ ಹೆಚ್ಚು' ಎಂದು ತೋರಿಸಿದರೆ ಸಾಕು. ಆದರೆ ಕೃತ್ಯದ ಹೊತ್ತಿನ ಮನಸ್ಸನ್ನು ತೋರಿಸಬೇಕು. ಆ ಹೊತ್ತಿನಲ್ಲಿ ವೈದ್ಯರು ಅಲ್ಲಿ ಇರುವುದಿಲ್ಲ. ಹಾಗಾಗಿ ಮೊದಲಿನ ಓಪಿ ಚೀಟಿ, ಕೇಸ್ ಶೀಟು, ಬರೆದ ಮಾತ್ರೆಯ ಹೆಸರು ಇವುಗಳಿಗೆ ಇಲ್ಲದ ಬೆಲೆ ಬರುತ್ತದೆ.

2002ರಲ್ಲಿ ಮಹಾರಾಷ್ಟ್ರದ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಹೆಂಡತಿಯನ್ನು ಕಲ್ಲಿನಿಂದ ಜಜ್ಜಿ ಕೊಂದಿದ್ದ. ಕೊಲೆಗೆ ಮೊದಲೂ ಚಿಕಿತ್ಸೆ ನಡೆದಿತ್ತು. ಬಂಧನದ ನಂತರದ ಕೆಲವೇ ತಿಂಗಳಲ್ಲಿ 25 ಸಲ ಆಸ್ಪತ್ರೆಗೆ ಕರೆದೊಯ್ದ ದಾಖಲೆ ಇತ್ತು. ಈ ಕಾಗದಗಳ ಬಲದ ಮೇಲೆ ನ್ಯಾಯಾಲಯ ಆತನಿಗೆ 84ರ ರಕ್ಷಣೆ ಕೊಟ್ಟಿತು. ಅಂದರೆ ವೈದ್ಯರು ಗಡಿಬಿಡಿಯಲ್ಲಿ ಗೀಚಿದ ನಾಲ್ಕು ಸಾಲು ಒಬ್ಬನ ಜೀವವನ್ನೇ ತೂಗಬಹುದು. ಹಾಗೆಯೇ ಆ ನಾಲ್ಕು ಸಾಲು ವೈದ್ಯರತ್ತಲೇ ಬೆರಳು ತೋರಿಸಲೂಬಹುದು: ಇಷ್ಟೆಲ್ಲ ಗೊತ್ತಿದ್ದೂ ಮನೆಗೆ ಯಾಕೆ ಕಳಿಸಿದಿರಿ?

ವೈದ್ಯರಲ್ಲೇ ಒಮ್ಮತ ಇಲ್ಲದ ಪ್ರಸಂಗಗಳೂ ಉಂಟು. 1960ರ ದಶಕದ ಮುಂಬಯಿಯಲ್ಲಿ ಬೀದಿಬದಿ ಮಲಗಿದವರನ್ನು ಸಾಲಾಗಿ ಕೊಂದ ರಾಮನ್ ರಾಘವನನ್ನು ಪೊಲೀಸ್ ಸರ್ಜನ್ ಒಂದು ತಿಂಗಳಷ್ಟು ಕಾಲ ನೋಡಿ, ಹುಚ್ಚು ಇಲ್ಲ ಎಂದರು. ಗಲ್ಲು ಶಿಕ್ಷೆಯಾಯಿತು. ಹೈಕೋರ್ಟ್ ನೇಮಿಸಿದ ಮೂವರು ಮನೋವೈದ್ಯರ ಮಂಡಳಿ ಐದು ಸಲ ಮಾತಾಡಿಸಿ, ವಾಸಿಯಾಗದ ಸ್ಕಿಜೋಫ್ರೀನಿಯಾ ಎಂದಿತು. ಗಲ್ಲು ತಪ್ಪಿತು. ಅದೇ ಮನುಷ್ಯ, ಅದೇ ಜೈಲು. ಎದುರು ಕೂತು ನೋಡಿದವರಿಗೇ ಹೀಗಾದರೆ, ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವವರ ಮೇಲೆ 'ಮೊದಲೇ ಗೊತ್ತಾಗಬೇಕಿತ್ತು' ಎಂದು ಹೇರುವುದು ಎಷ್ಟು ನ್ಯಾಯ?

ಮಂಗಳವಾರದ ವೈದ್ಯರು

ಒಬ್ಬ ವೈದ್ಯರನ್ನು ಊಹಿಸಿಕೊಳ್ಳಿ. ಹೆಸರು ಬೇಡ. ಮಂಗಳೂರಿನಿಂದ ಮಂಗಳವಾರ ಬೆಳಿಗ್ಗೆ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಮೂಡುಬಿದಿರೆಗಾದರೆ ಒಂದು ಗಂಟೆ, ಬೆಳ್ತಂಗಡಿಗಾದರೆ ಇನ್ನೂ ಹೆಚ್ಚು. ಹೊರಗೆ ಬೆಂಚಿನಲ್ಲಿ ಸಾಲು. ಮಧ್ಯಾಹ್ನದೊಳಗೆ ಎಲ್ಲರನ್ನೂ ನೋಡಬೇಕು. ಒಬ್ಬ ಯುವಕ ಅಮ್ಮನ ಜತೆ ಬರುತ್ತಾನೆ. 'ನಿದ್ರೆ ಹೇಗಿದೆ? ಧ್ವನಿ ಕೇಳುತ್ತದಾ?' 'ಇಲ್ಲ ಡಾಕ್ಟ್ರೇ.' ಅಮ್ಮ ಏನೋ ಹೇಳಲು ಬಾಯಿ ತೆರೆದು, ಮಗನ ಮುಖ ನೋಡಿ ಸುಮ್ಮನಾಗುತ್ತಾಳೆ. ವೈದ್ಯರು ಅದೇ ಮಾತ್ರೆ ಮುಂದುವರಿಸಿ ಬರೆಯುತ್ತಾರೆ. ಎರಡು ವಾರದ ಮೇಲೆ ಆ ಅಮ್ಮನೇ ಕೊಲೆಯಾಗುತ್ತಾಳೆ.

ಆ ರಾತ್ರಿಯಿಂದ ವೈದ್ಯರ ತಲೆಯಲ್ಲಿ ಆ ಬಾಯಿ ತೆರೆದು ಮುಚ್ಚಿದ ಕ್ಷಣ ಮತ್ತೆ ಮತ್ತೆ ಓಡುತ್ತದೆ. ಆಗ ಮಗನನ್ನು ಹೊರಗೆ ಕೂರಿಸಿ ಅವಳನ್ನು ಒಬ್ಬಳೇ ಮಾತಾಡಿಸಿದ್ದರೆ? ಡಿಪೋ ಇಂಜೆಕ್ಷನ್ ಕೊಟ್ಟಿದ್ದರೆ? ಮಂಗಳೂರಿಗೆ ದಾಖಲು ಮಾಡಿ ಎಂದಿದ್ದರೆ? ಕೇಸ್ ಶೀಟಿನ ಕೊನೆಯ ಸಾಲನ್ನು ಎಷ್ಟು ಸಲ ಓದುತ್ತಾರೋ. ಪೊಲೀಸರು ಅದರ ನಕಲು ಕೇಳಿ ಬರುತ್ತಾರೆ. ಮುಂದೆ ಸಮನ್ಸ್.

ರೋಗಿ ಆತ್ಮಹತ್ಯೆ ಮಾಡಿಕೊಂಡಾಗ ವೈದ್ಯರಿಗೆ ಆಗುವ ದುಃಖದ ಬಗ್ಗೆ ಈಗೀಗ ಮಾತು ಶುರುವಾಗಿದೆ. ಕೊಲೆ ಅದಕ್ಕಿಂತ ತೊಡಕು. ಇಲ್ಲಿ ದುಃಖ ಇಬ್ಬರ ಬಗ್ಗೆ: ಸತ್ತವರ ಬಗ್ಗೆ, ಮತ್ತು ಕೊಂದವನ ಬಗ್ಗೆ. ಕೊಂದವನು ಇನ್ನೂ ರೋಗಿಯೇ. ಆತನಿಗೆ ಕಾಯಿಲೆ ಇಳಿದು ಬುದ್ಧಿ ತಿಳಿಯಾದ ದಿನ, ತಾನು ಏನು ಮಾಡಿದೆ ಎಂದು ಗೊತ್ತಾಗುವ ದಿನ, ಎದುರಿಗೆ ಕೂರಬೇಕಾದವರೂ ಒಬ್ಬ ಮನೋವೈದ್ಯರೇ. ಸತ್ತವಳು ಅಮ್ಮನಾದರೆ, ಅಳಲು ಮನೆಯಲ್ಲಿ ಯಾರೂ ಉಳಿದಿರುವುದಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಗುತ್ತದೆ. ಸ್ವಲ್ಪ ಸಂಶಯ ಬಂದರೂ ದಾಖಲು ಮಾಡುವುದು, ಸಿಟ್ಟಿನ ರೋಗಿ ಬಂದರೆ ಬೇರೆ ಕಡೆ ಕಳಿಸುವುದು, ರೋಗಿಗಾಗಿ ಬರೆಯುವುದಕ್ಕಿಂತ ಕೋರ್ಟಿಗಾಗಿ ಬರೆಯುವುದು. ಕೆಲವರು ಹಳ್ಳಿಯ ಕ್ಲಿನಿಕ್ಕಿಗೆ ಹೋಗುವುದನ್ನೇ ನಿಲ್ಲಿಸಿದರೆ ನಷ್ಟ ಯಾರಿಗೆ? ಆ ಬೆಂಚಿನಲ್ಲಿ ಕಾಯುತ್ತಿರುವ ಉಳಿದವರಿಗೆ. ಅವರು ಯಾರಿಗೂ ಏನೂ ಮಾಡಿದವರಲ್ಲ.

ಇನ್ನೊಂದು ಕಷ್ಟ, ವೈದ್ಯರು ಬಾಯಿ ಬಿಡುವ ಹಾಗಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ ರೋಗಿಯ ವಿವರವನ್ನು ಗುಟ್ಟಾಗಿ ಇಡಬೇಕು ಎನ್ನುತ್ತದೆ. ಇನ್ನೊಬ್ಬರಿಗೆ ಅಪಾಯ ತಪ್ಪಿಸಲು ಬೇಕಾದಷ್ಟನ್ನು ಮಾತ್ರ ಹೇಳಬಹುದು ಎಂಬ ವಿನಾಯಿತಿ ಇದೆ. ಅದು ಅನಾಹುತಕ್ಕೆ ಮೊದಲಿನ ಮಾತು. ಅನಾಹುತವಾದ ಮೇಲೆ ಊರೆಲ್ಲ 'ಡಾಕ್ಟ್ರು ಏನು ಮಾಡುತ್ತಿದ್ದರು?' ಎಂದು ಕೇಳುವಾಗ, 'ನಾನು ಹೀಗೆ ಹೇಳಿದ್ದೆ, ಅವರು ಕೇಳಲಿಲ್ಲ' ಎಂದು ಪತ್ರಿಕೆಗೆ ಹೇಳುವ ಹಾಗಿಲ್ಲ. ಆ ಗುಟ್ಟು ರೋಗಿಯದು.

ಲೆಕ್ಕ ಹೇಳುವ ಸತ್ಯ

'ಮೊದಲೇ ಗೊತ್ತಾಗಬೇಕಿತ್ತು' ಎಂಬ ಮಾತನ್ನು ಒಂದು ಸಣ್ಣ ಲೆಕ್ಕಕ್ಕೆ ಹಾಕೋಣ. ಉದಾಹರಣೆಗೆ ಮಾತ್ರ, 10,000 ರೋಗಿಗಳಲ್ಲಿ ಒಬ್ಬ ಮುಂದೆ ಕೊಲೆ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ನೂರಕ್ಕೆ ತೊಂಬತ್ತು ಸಲ ಸರಿಯಾಗಿ ಹೇಳುವ ಒಂದು ಪರೀಕ್ಷೆಯೂ ನಮ್ಮಲ್ಲಿದೆ ಎನ್ನೋಣ. ಅದು ಆ ಒಬ್ಬನನ್ನು ಬಹುಶಃ ಹಿಡಿಯುತ್ತದೆ. ಜತೆಗೆ ಏನೂ ಮಾಡದ ಸುಮಾರು 1,000 ಜನರ ಮೇಲೂ 'ಅಪಾಯಕಾರಿ' ಎಂದು ಮುದ್ರೆ ಒತ್ತುತ್ತದೆ. ಆ ಒಬ್ಬನನ್ನು ತಡೆಯಲು ಸಾವಿರ ಜನರನ್ನು ಕೂಡಿಹಾಕಬೇಕು. ಅದು ಮತ್ತೆ ಗೋಡೆಯ ಕಾಲ, ಮತ್ತೆ ಮಚಾಂಗ್ ಲಾಲುಂಗ್.

ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ. ಅವರೇ ಹೊಡೆತ ತಿನ್ನುವುದು ಹೆಚ್ಚು. ಓಲಾವ್ ನೀಲ್ಸನ್ ಮತ್ತು ಮ್ಯಾಥ್ಯೂ ಲಾರ್ಜ್ ಎಂಬ ಆಸ್ಟ್ರೇಲಿಯಾದ ಮನೋವೈದ್ಯರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2010ರಲ್ಲಿ ತೋರಿಸಿದ್ದು ಇದು: ತೀವ್ರ ಚಿತ್ತಭ್ರಮೆಯಲ್ಲಿ ಕೊಲೆಯ ಅಪಾಯ ಹೆಚ್ಚು ಇರುವುದು ಕಾಯಿಲೆ ಮೊದಲ ಸಲ ಬಂದು, ಇನ್ನೂ ಚಿಕಿತ್ಸೆಯೇ ಶುರುವಾಗದ ಹಂತದಲ್ಲಿ. ಚಿಕಿತ್ಸೆ ಆರಂಭವಾದ ಮೇಲೆ ಅದು ಬಹಳ ತಗ್ಗುತ್ತದೆ.

ಇದರ ಅರ್ಥ ನಮ್ಮ ಊರಿಗೆ ಏನು? ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಮನೆಯಲ್ಲಿ ಒಬ್ಬ ರಾತ್ರಿಯಿಡೀ ನಿದ್ರೆ ಇಲ್ಲದೆ ತಿರುಗುತ್ತಾನೆ, ಪಕ್ಕದ ಮನೆಯವರು ವಿಷ ಹಾಕುತ್ತಾರೆ ಎನ್ನುತ್ತಾನೆ. ಅವನನ್ನು ಆಸ್ಪತ್ರೆಗೆ ಕರೆದೊಯ್ದರೆ ತಂಗಿಯ ಮದುವೆ ನಿಲ್ಲುತ್ತದೆ ಎಂದು ಹೆದರಿ ಒಂದು ವರ್ಷ ಕಳೆಯುತ್ತದೆ. ಆ ಒಂದು ವರ್ಷ ನಿಜವಾದ ಅಪಾಯದ ವರ್ಷ. ಆಗ ಅವನಿಗೆ ವೈದ್ಯರೇ ಇರುವುದಿಲ್ಲ. ಹೆದರಿಕೆ ಹುಟ್ಟಿಸುವುದರಲ್ಲಿ ನಮ್ಮ ಪಾಲೂ ಇದೆ, ಪತ್ರಿಕೆಯವರದು.

ಶೀರ್ಷಿಕೆಗೆ ವಾಪಸ್

ಅದೇ ಕಾಯ್ದೆಯ 24ನೇ ಸೆಕ್ಷನ್ ಹೇಳುವುದು ನೇರವಾಗಿ ನಮ್ಮ ಕಸುಬಿಗೆ: ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರಿನಲ್ಲಿ ಇದನ್ನು ತನ್ನ ಮಾರ್ಗಸೂಚಿಯಲ್ಲೂ ನೆನಪಿಸಿತು. ತರಗತಿಯಲ್ಲಿ ಮಾನಹಾನಿ ಕಾನೂನು ಓದಿದ್ದೆ, ನ್ಯಾಯಾಂಗ ನಿಂದನೆ ಓದಿದ್ದೆ. ಇದನ್ನು ಓದಿರಲಿಲ್ಲ.

ನನ್ನ ಆ ಮೂರು ಪದದ ಶೀರ್ಷಿಕೆಯನ್ನು ಈಗ ಮತ್ತೆ ನೋಡುತ್ತೇನೆ. ಅದರಲ್ಲಿ 'ಮಾನಸಿಕ ಅಸ್ವಸ್ಥ' ಎಂಬುದು ಪೊಲೀಸರ ಊಹೆ. ಆ ಹೊತ್ತಿನಲ್ಲಿ ಅವನ ಮನಸ್ಸು ಹೇಗಿತ್ತು ಎಂದು ಇನ್ನೂ ಯಾವ ನ್ಯಾಯಾಲಯವೂ ಹೇಳಿರಲಿಲ್ಲ. 1843ರಿಂದ ಇವತ್ತಿನವರೆಗೆ ನ್ಯಾಯಾಧೀಶರು, ವೈದ್ಯರು ತಲೆ ಕೆಡಿಸಿಕೊಂಡು ಕೂತ ಪ್ರಶ್ನೆಗೆ ನಾನು ಸಂಜೆ ಆರೂವರೆಗೆ, ಪುಟ ಮುಗಿಸುವ ಅವಸರದಲ್ಲಿ ಉತ್ತರ ಬರೆದುಬಿಟ್ಟಿದ್ದೆ.

ಈಗ ಅಂಥ ಸುದ್ದಿ ಬಂದರೆ ಶೀರ್ಷಿಕೆಯಲ್ಲಿ ಕಾಯಿಲೆಯ ಹೆಸರು ಹಾಕುವುದಿಲ್ಲ. 'ಚಿಕಿತ್ಸೆ ಪಡೆಯುತ್ತಿದ್ದ' ಎಂಬ ಸಾಲನ್ನೂ ಬಿಡುತ್ತೇನೆ. ಸುದ್ದಿಯ ಕೊನೆಯಲ್ಲಿ ಟೆಲಿಮನಸ್ ಸಂಖ್ಯೆ 14416 ಹಾಕಿ ಎಂದು ಡೆಸ್ಕಿಗೆ ಹೇಳುತ್ತೇನೆ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡುತ್ತಾರೆ. ಕೆಲವು ದಿನ ಜಾಗ ಇಲ್ಲ ಎಂದು ಅದನ್ನು ತೆಗೆಯುತ್ತಾರೆ. ಮರುದಿನ ಮತ್ತೆ ಹೇಳುತ್ತೇನೆ.

ನಿಮ್ಮ ಊರಿನ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಯಾವ ಕೋಣೆಯ ಹೊರಗೆ ಜನ ತಲೆ ತಗ್ಗಿಸಿ ಕೂತಿರುತ್ತಾರೆ ಎಂದು ಒಮ್ಮೆ ನೋಡಿ ಬನ್ನಿ. ಒಳಗೆ ಒಬ್ಬರು, ಆ ಸಾಲಿನ ಕೊನೆಯವರೆಗೂ, ನಿದ್ರೆ ಹೇಗಿದೆ ಎಂದು ಕೇಳುತ್ತಿರುತ್ತಾರೆ. ಏನೂ ಆಗದೆ ಕಳೆದ ಅವರ ಮಂಗಳವಾರಗಳು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಒಂದು ವಾರ ಮಾತ್ರ ಬರುತ್ತದೆ. ಅದನ್ನು ಬರೆಯುವಾಗ ಉಳಿದವು ನಮ್ಮ ನೆನಪಿನಲ್ಲಿ ಇರಲಿ.